ಎಂಟಕ್ಕೊಂದು ಟಿಣ್

ನಗುವವರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗುತ್ತೇನೆ, ಆಮೇಲೆ ಕಾಲು ಹಿಡಿದರೂ ಹೇಳಲ್ಲ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳು, ನಮ್ಮ ಮನೆಯಲ್ಲೇ ಇರುವ ಪ್ರಸೀದಳಿಗೆ ಆದದ್ದು; ನಾನು ಅವಳಿಗೆ ಚೇಚಿ, ಅಕ್ಕ. ಆ ಕಿಟಕಿ ಹಾಕಿ... ಹಾಂ, ಸಾಕು.

ಅವತ್ತು ಮಂಗಳವಾರ. ನಮ್ಮ ನೇಕಾರರ ಸೊಸೈಟಿ ಆಫೀಸಿನಿಂದ ಪ್ರಸೀದ ಹೊರಟಾಗ ರಾತ್ರಿ ಎಂಟೂವರೆ. ಮಗ್ಗಗಳೆಲ್ಲ ನಿಂತಿದ್ದವು. ಮಗ್ಗ ನಿಂತ ಮೇಲೆ ನಮ್ಮ ಬೀದಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು... ಕಿವಿಯೊಳಗೆ ನೀರು ಹೋದ ಹಾಗೆ. ಆಫೀಸಿನ ಹಿಂದೆ ನೂಲು ತೊಳೆಯುವ ಬಾವಿ. ಬಾವಿ ದಾಟಿದರೆ ಆಲದ ಮರ. ಮರ ದಾಟಿದರೆ ನಮ್ಮ ಮನೆಯ ಓಣಿ. ಅವಳ ಕೈಯಲ್ಲಿದ್ದ ಟಾರ್ಚು ಉರಿದರೆ ಉರಿಯಿತು, ಇಲ್ಲದಿದ್ದರೆ ಇಲ್ಲ.

ಚಪ್, ಚಪ್, ಚಪ್... ಅವಳದೇ ಚಪ್ಪಲಿ. ಬಾವಿಯ ಹತ್ತಿರ ಬಂದಳು.

ಟಿಣ್.

ಸಣ್ಣ ಸದ್ದು. ಉಂಗುರ ಹಾಕಿದ ಬೆರಳಿನಿಂದ ಕಲ್ಲು ತಟ್ಟಿದರೆ ಬರುತ್ತದಲ್ಲ, ಅದೇ. ಬಾವಿಕಟ್ಟೆಯ ಕಡೆಯಿಂದ. ಕೊಡಪಾನ ಅಲುಗಿರಬೇಕು ಅಂದುಕೊಂಡು ಮುಂದೆ ನಡೆದಳು. ಚಪ್, ಚಪ್, ಚಪ್... ಟಿಣ್. ನಿಂತಳು. ಏನೂ ಇಲ್ಲ. ನಡೆದಳು. ಈ ಸಲ ಹೆಜ್ಜೆ ಎಣಿಸಿದಳು. ಎಂಟನೇ ಹೆಜ್ಜೆಗೆ... ಟಿಣ್.

ಏಳು ಹೆಜ್ಜೆ ಇಟ್ಟು ಬೇಕಂತಲೇ ನಿಂತಳು. ಒಂದು ಕಪ್ಪೆ ಕೂಡ ಉಸಿರೆತ್ತಲಿಲ್ಲ. ಒಂದು ಕಾಲು ಎತ್ತಿ, ಮೆಲ್ಲಗೆ, ಸದ್ದೇ ಬರದ ಹಾಗೆ ಊರಿದಳು.

ಟಿಣ್.

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಪ್ರಸೀದ ಹೆದರುಪುಕ್ಕಲಿಯಲ್ಲ, ಅನುಮಾನದ ಪ್ರಾಣಿ. ಹಾಲು ಒಡೆದರೂ ಯಾರೋ ಹುಳಿ ಹಿಂಡಿದರು ಅನ್ನುವವಳು. ತಿರುಗಿ ನಿಂತು ಕತ್ತಲೆಗೆ ಹೇಳಿದಳು:

"ದಿವಾಕರೇಟ್ಟಾ... ಸಾಕು. ನಂಗೆ ಗೊತ್ತಾಯ್ತು."

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಅಡಿಗೆಮನೆಗೆ ನುಗ್ಗಿದಳು. ನಾನು ಗಂಜಿ ಬಿಸಿ ಮಾಡುತ್ತಿದ್ದೆ.

"ಚೇಚಿ," ಅಂದಳು ಪಿಸುಮಾತಿನಲ್ಲಿ, "ಸೆಕ್ರೆಟರಿ ನನ್ನ ಹೆದರಿಸ್ತಾ ಇದಾನೆ."

"ಯಾಕೆ?"

"ನಾನು ಕೆಲಸ ಬಿಟ್ಟು ಓಡ್ಲಿ ಅಂತ."

ಈ ಸೆಕ್ರೆಟರಿ ದಿವಾಕರನ್ ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು, ಅದಕ್ಕೇ ಅವಳಿಗೆ ಏಟ್ಟ, ಅಣ್ಣ, ಆದರೂ ನನಗೆ ಅವನು ಏಕವಚನ. ಕೆಟ್ಟವನಲ್ಲ. ಆದರೆ ತನ್ನ ನೆರಳನ್ನೂ ನಂಬದವನು. ಮಗ್ಗದಲ್ಲಿ ಹದಿನೈದು ವರ್ಷ ಕೂತು, ಆಮೇಲೆ ಸೆಕ್ರೆಟರಿಯಾದ. ಹಿಂದೊಮ್ಮೆ ನಮ್ಮ ಸೊಸೈಟಿಯ ಒಂದು ಅಂಚಿನ ಚಿತ್ರ ಓಣಂಗೆ ಮೊದಲೇ ಹೊರಗೆ ಹೋಗಿ, ಎಲ್ಲಿಯೋ ಪವರ್‌ಲೂಮಿನಲ್ಲಿ ನೇಯ್ದು ಅರ್ಧ ಬೆಲೆಗೆ ಮಾರಿದ್ದರು. ಆವತ್ತಿನಿಂದ ಅವನ ಕಾನೂನು: ಆಫೀಸಿನೊಳಗೆ ಫೋನು ಇಲ್ಲ, ಚಿತ್ರದ ಕಾಗದ ಹೊರಗೆ ಹೋಗುವ ಹಾಗಿಲ್ಲ. ಬೀಗದಕೈ ಒಂದೇ, ಅದು ಅವನ ಸೊಂಟದ ದಾರದಲ್ಲಿ. ಪ್ರಸೀದ ಬಂದ ಕೆಲಸಕ್ಕೆ ಅವನು ತನ್ನ ತಂಗಿಯ ಮಗನನ್ನು ತರಬೇಕು ಅಂತಿದ್ದ, ಆಗಲಿಲ್ಲ. ಹಾಗಾಗಿ ಇವಳಿಗೆ ಅವನ ಮೇಲೆ ಅನುಮಾನ. ಅವನಿಗೆ ಇವಳ ಮೇಲೆ ಅನುಮಾನ.

ಪ್ರಸೀದ ಕೂರುತ್ತಿದ್ದದ್ದು ಅಪ್ಪುಣ್ಣಿ ಮಾಷರ ಕುರ್ಚಿಯಲ್ಲಿ. ಮಾಷರು ಶಾಲೆಯ ಮೇಷ್ಟ್ರಲ್ಲ. ಊರಿನ ಅರ್ಧ ಜನಕ್ಕೆ ಅಂಚಿನ ಕೆಲಸ ಕಲಿಸಿದವರು, ಅದಕ್ಕೆ ಎಲ್ಲರಿಗೂ ಮಾಷ್. ಮೂವತ್ತು ವರ್ಷ ಚೌಕುಳಿ ಕಾಗದದ ಮೇಲೆ ಚಿತ್ರ ತೆಗೆದರು. ಕಣ್ಣು ಮಂಜಾದ ಮೇಲೆ ಪಂಚಾಯ್ತಿ ಶಾಲೆಯವರು ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಶುರುಮಾಡಿದರು. ಅದರಲ್ಲಿ ಇದ್ದದ್ದು ಪುಕ್ಕಟೆ ಸಿಗುವ ಲಿನಕ್ಸು. ಚಿತ್ರ ತೆಗೆಯುವ ದುಬಾರಿ ಸಾಮಾನು ಯಾವುದೂ ಇರಲಿಲ್ಲ. ಮಾಷರಿಗೆ ಬೇಕೂ ಇರಲಿಲ್ಲ. ಎಳೆ ಮೇಲೆದ್ದರೆ ಒಂದು ಎಕ್ಸ್ ಒತ್ತುವುದು, ಕೆಳಗಿದ್ದರೆ ಒಂದು ಚುಕ್ಕೆ. ಒಂದು ಅಕ್ಷರಕ್ಕೆ ಒಂದು ಎಳೆ. ಸಾಲಿಗೆ ಎಂಬತ್ತು. ಒಂದು ಸಾಲಿಗೆ ಒಂದು ರಟ್ಟು. ಎಕ್ಸ್ ಇದ್ದಲ್ಲಿ ರಟ್ಟಿಗೆ ತೂತು ಹೊಡೆದು, ರಟ್ಟುಗಳನ್ನು ಸರ ಮಾಡಿ ಮಗ್ಗದ ತಲೆಗೆ ಏರಿಸಿದರೆ ಅಂಚು ತಾನಾಗಿ ಮೂಡುತ್ತದೆ.

ಇದೆಲ್ಲ ನಡೆಯಬೇಕಾದರೆ ಪರದೆಯ ಮೇಲೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಬೇಕು. ಹಾಗೆ ಸಮ ಅಗಲದ ಫಾಂಟುಗಳು ಅಂತಲೇ ಬೇರೆ ಇವೆ. ಅದರಲ್ಲಿ ಚುಕ್ಕೆಗೆ ಎಷ್ಟು ಜಾಗವೋ ಎಕ್ಸಿಗೂ ಅಷ್ಟೇ. ಒಂದರ ಕೆಳಗೊಂದು ಸರಿಯಾಗಿ ನಿಂತು, ಎರಡು ಮಾರು ದೂರ ಹೋಗಿ ನೋಡಿದರೆ ಚಿತ್ರ ಕಾಣುತ್ತದೆ.

ಮಾಷರು ಮಿಥುನ ಮಾಸದಲ್ಲಿ ತೀರಿಕೊಂಡರು. ರಾತ್ರಿ ಮಲಗಿದವರು ಏಳಲಿಲ್ಲ. ಅವರು ಕೊನೆಗೆ ಬರೆದ ಅಂಚು ಮಗಳು ಶ್ರೀಜ ಮದುವೆಗೆ ಉಡುವ ಬಟ್ಟೆಗೆ, ಪುಡವೆಗೆ. ನಮ್ಮಲ್ಲಿ ಪುಡವೆ ಕೊಡುವವನು ಮದುಮಗ. ಆ ಹುಡುಗನ ಮನೆಯವರು ಒಳ್ಳೆಯವರು, ತಾವೇ ಬಂದು ಮಾಷರ ಹೆಂಡತಿ ಕಾರ್ತ್ಯಾಯನಿಯಮ್ಮನಿಗೆ ಹೇಳಿದರು, "ಅಂಚು ಹುಡುಗಿಯ ಅಪ್ಪ ಬರೆದದ್ದೇ ಇರ್ಲಿ." ಶ್ರೀಜ ಅವತ್ತು ಅತ್ತದ್ದನ್ನು ನಾನು ನೋಡಿದೆ. ಅಪ್ಪ ಮಂಟಪದಲ್ಲಿ ಇರುವುದಿಲ್ಲ, ಅಂಚಾದರೂ ಇರುತ್ತದೆ ಅಂತ. ಮದುವೆ ಓಣಂ ಬರುವ ಚಿಂಗಂ ತಿಂಗಳಲ್ಲಿ, ಎರಡನೇ ಭಾನುವಾರ.

ಆ ಅಂಚನ್ನು ಮಾಷರು ಯಾರಿಗೂ ತೋರಿಸಿರಲಿಲ್ಲ. ಯಂತ್ರದೊಳಗೆ ಶ್ರೀಜ ಅಂತ ಹೆಸರಿಟ್ಟ ಒಂದು ಫೈಲು, ಅಷ್ಟೆ. ಪ್ರಸೀದ ತೆರೆದು ನೋಡಿದರೆ... ಕಸ. ಚುಕ್ಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಎಕ್ಸುಗಳು ಅವನ್ನು ನೂಕಿಕೊಂಡು, ಒಂದು ಸಾಲು ಗಿಡ್ಡ, ಒಂದು ಸಾಲು ಉದ್ದ. ಬೆಕ್ಕಿನ ಕೈಗೆ ಸಿಕ್ಕ ನೂಲು. ಸಮ ಅಗಲದ ಒಂದೇ ಒಂದು ಫಾಂಟು ಆ ಯಂತ್ರದಲ್ಲಿ ಉಳಿದಿರಲಿಲ್ಲ.

ದಿವಾಕರನ್ ಗಡುವು ಕೊಟ್ಟ. "ಶುಕ್ರವಾರ ಬೆಳಗ್ಗೆ ರಟ್ಟು ರೆಡಿ ಇಲ್ಲ ಅಂದ್ರೆ ವೇಲಪ್ಪನ್ ಮಗ್ಗಕ್ಕೆ ಓಣಂ ಆರ್ಡರಿನ ನವಿಲಿನ ಅಂಚು ಏರಿಸ್ತೀನಿ. ನಂಗೆ ಬೇರೆ ಮಗ್ಗ ಇಲ್ಲ."

ವೇಲಪ್ಪನ್ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ನೇಕಾರರು. ಅವರದು ಇನ್ನೊಂದು ಕೊಕ್ಕೆ. ನಮ್ಮ ಸೊಸೈಟಿಯಲ್ಲಿ ಒಂದು ಪದ್ಧತಿ ಇದೆ. ಅಂಚು ಎಷ್ಟೇ ಚೆಂದ ಇರಲಿ, ಬರೆದವರು ಕೊನೆಗೆ ಬೇಕಂತಲೇ ಒಂದು ಎಳೆ ತಪ್ಪಿಸಬೇಕು. ಅದಕ್ಕೆ ದೃಷ್ಟಿ ಎಳೆ ಅನ್ನುತ್ತೇವೆ. ಬರೆದವರೇ ಹಾಕಬೇಕು, ಒಬ್ಬೊಬ್ಬರಿಗೆ ಒಂದೊಂದು ಜಾಗ, ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಮಾಷರ ಜಾಗ ಎಡಗಡೆಯಿಂದ ಮೂರನೆಯದು, ಇಡೀ ಬೀದಿಗೆ ಗೊತ್ತು.

"ಅದನ್ನ ಹಾಕಿದಾರೋ ಇಲ್ವೋ ಯಾರಿಗ್ಗೊತ್ತು," ಅಂದರು ವೇಲಪ್ಪನ್. "ದೃಷ್ಟಿ ಎಳೆ ಇಲ್ಲದ ಬಟ್ಟೇನ ಮದುಮಗಳಿಗೆ ಉಡಿಸೋಕೆ ನಾ ನೇಯಲ್ಲ. ಮೊದಲು ಚಿತ್ರ ತೋರಿಸು ಮೋಳೇ, ಆಮೇಲೆ ಮಾತು."

ಸೋಮವಾರ, ಮಂಗಳವಾರ ಪ್ರಸೀದ ಆ ಯಂತ್ರದ ಜೊತೆ ಜಗಳಕ್ಕೆ ಕೂತಳು. ಫಾಂಟಿನ ಫೋಲ್ಡರಿಗೆ ಹೋಗಿ ನೋಡಿದಳು. ಫೈಲುಗಳು ಅಲ್ಲೇ ಇವೆ. ತೂಕ ಸರಿ, ಹೆಸರು ಸರಿ. ಆದರೆ ಯಂತ್ರಕ್ಕೆ ನಿನ್ನ ಹತ್ತಿರ ಯಾವ ಯಾವ ಫಾಂಟು ಇವೆ ಅಂತ ಕಮಾಂಡು ಕೊಟ್ಟು ಕೇಳಿದರೆ ಆ ಹೆಸರುಗಳನ್ನು ಬಿಟ್ಟು ಬೇರೆಯವನ್ನು ಹೇಳುತ್ತದೆ. ಪಟ್ಟಿಯನ್ನು ಅಳಿಸಿ ಹೊಸದಾಗಿ ಮಾಡಿಸಿದಳು. ಅದೇ ಕತೆ. ಪುನಃ ಹಾಕಿದಳು. ಅದೇ ಕತೆ.

"ಮನೆಯೊಳಗೆ ಇದಾವೆ ಚೇಚಿ," ಅಂದಳು ನನಗೆ. "ಕರೆದರೆ ಓ ಅನ್ನಲ್ಲ."

ಮಂಗಳವಾರ ಸಂಜೆ ಸಿಕ್ಕಿತು. ಮಾಷರ ಹೆಸರಿನ ಫೋಲ್ಡರಿನೊಳಗೆ, ಸುಮ್ಮನೆ ತೆರೆದರೆ ಕಾಣದ ಒಂದು ಫೈಲು. ಅದರಲ್ಲಿ ನಾಲ್ಕೈದು ಸಾಲಿನ ಒಂದು ಅಪ್ಪಣೆ: ಸಮ ಅಗಲದ ಫಾಂಟು ಯಾವುದಿದ್ದರೂ ಕಣ್ಣಿಗೆ ಹಾಕಿಕೊಳ್ಳಬೇಡ. ಯಾರೋ ಕೂತು, ಯೋಚನೆ ಮಾಡಿ ಬರೆದದ್ದು. ಅಳಿಸಿದಳು. ತೆರೆದಳು.

ಅಕ್ಷರಗಳು ಸಾಲಾಗಿ ನಿಂತವು. ಒಂದು ತೂಗುದೀಪ. ಐದು ಬತ್ತಿ. ಕೆಳಗೆ ಒಂದು ಮಲ್ಲಿಗೆ ಮೊಗ್ಗು. ಅಷ್ಟೆ. ಅದನ್ನು ನೋಡುತ್ತ ಕೂತಿದ್ದಕ್ಕೇ ಅವಳಿಗೆ ಹೊತ್ತಾದದ್ದು. ದಿವಾಕರನ್ ಬೀಗ ಹಾಕುತ್ತ ನಿಂತ, ಇವಳು ಹೊರಟಳು, ಬಾವಿಯ ಹತ್ತಿರ ಆದದ್ದನ್ನು ಆಗಲೇ ಹೇಳಿದೆನಲ್ಲ.

ಬುಧವಾರ ಬೆಳಗ್ಗೆ ಬಾಗಿಲು ತೆಗೆದು ಯಂತ್ರ ಹಚ್ಚಿದರೆ... ಮತ್ತೆ ಕಸ. ಆ ಫೈಲು ವಾಪಸ್ ಬಂದು ಕೂತಿತ್ತು. ಬರೆದ ಹೊತ್ತು: ಮಂಗಳವಾರ ರಾತ್ರಿ ಎಂಟು ಐವತ್ತು. ಬರೆದವರ ಹೆಸರು: ಅಪ್ಪುಣ್ಣಿ.

ಪ್ರಸೀದ ಸೀದಾ ದಿವಾಕರನ್ ಮೇಜಿಗೆ ಹೋದಳು.

"ಬೀಗದಕೈ ಯಾರ ಹತ್ರ ಇದೆ ದಿವಾಕರೇಟ್ಟ?"

"ನನ್ನ ಹತ್ರ. ಯಾಕೆ?"

"ನಿನ್ನೆ ಎಂಟು ಐವತ್ತಕ್ಕೆ ಒಳಗೆ ಕೂತಿದ್ದೋರು ಯಾರು?"

"ಪಾಸ್‌ವರ್ಡ್ ಯಾರ ಹತ್ರ ಇದೆ?" ಅಂದ ಅವನು. "ನಿನ್ನ ಹತ್ರ. ನಂಗೆ ಆ ಯಂತ್ರ ಹಚ್ಚೋಕೂ ಬರಲ್ಲ. ನಾಟಕ ಸಾಕು ಮೋಳೇ. ಕಳೆದ ಸಲ ಅಂಚು ಹೊರಗೆ ಹೋದಾಗಲೂ ಹೀಗೇ ಏನೇನೋ ಕೆಟ್ಟುಹೋಗಿತ್ತು."

"ಅಂದ್ರೆ ನಾನು ಕಳ್ಳಿನಾ?"

"ನಾ ಹೆಸರು ಹೇಳಿದ್ನಾ?"

ಇವಳು ಎದುರಿಗೇ ಪಾಸ್‌ವರ್ಡ್ ಬದಲಿಸಿದಳು. ಫೈಲು ಅಳಿಸಿದಳು. ದೀಪ ಬಂತು. ವೇಲಪ್ಪನ್ನರನ್ನು ಕೂರಿಸಿಕೊಂಡು, ಪರದೆ ನೋಡಿಕೊಂಡು, ಸಂಜೆಯೊಳಗೆ ತೊಂಬತ್ತಾರು ರಟ್ಟು ಹೊಡೆದು ಮುಗಿಸಿದರು. ತೊಂಬತ್ತಾರು ಸಾಲಿನಲ್ಲಿ ಎಲ್ಲೂ ದೃಷ್ಟಿ ಎಳೆ ಇರಲಿಲ್ಲ. ಅದನ್ನು ಹಾಕುವ ಮೊದಲೇ ಮಾಷರು ಹೋಗಿಬಿಟ್ಟಿದ್ದರು. ವೇಲಪ್ಪನ್ ಮುಖ ಸಣ್ಣದು ಮಾಡಿಕೊಂಡು, "ನಾಳೆ ತುಂಡು ನೇಯ್ದು ನೋಡೋಣ," ಅಂತ ಮಾತ್ರ ಹೇಳಿ ಹೋದರು.

ಆ ಸಂಜೆ ಪ್ರಸೀದ ಬಾವಿಯ ದಾರಿ ಬಿಟ್ಟು ಸುತ್ತುಹಾಕಿ ಕಾರ್ತ್ಯಾಯನಿಯಮ್ಮನ ಮನೆಗೆ ಹೋದಳು. ನಾನೂ ಜೊತೆಗಿದ್ದೆ. ಆಯಮ್ಮ ಕಪ್ಪು ಚಹಾ ಕೊಟ್ಟರು. ಪ್ರಸೀದ ಸುತ್ತಿ ಬಳಸಿ ಕೇಳಿದಳು.

"ಮಾಷರು... ಉಂಗುರ ಹಾಕ್ತಿದ್ರಾ ಅಮ್ಮ?"

"ತಾಮ್ರದ್ದು. ತೋರುಬೆರಳಿಗೆ." ಆಯಮ್ಮ ದೀಪದ ಗೂಡಿನಿಂದ ತೆಗೆದು ತೋರಿಸಿದರು. ಅಂಗೈಯಲ್ಲಿ ಅದು ತಣ್ಣಗಿತ್ತು. "ಎಣಿಸುವಾಗ ಎಂಟಕ್ಕೊಂದು ಸಲ ಮೇಜಿಗೆ ತಟ್ಟೋರು. ಆ ಸದ್ದಿಲ್ಲದೆ ನಂಗೆ ಈಗ ನಿದ್ದೆ ಬರಲ್ಲ."

ಪ್ರಸೀದ ನನ್ನ ಕೈ ಹಿಡಿದಳು. ಉಗುರು ನಾಟಿತು.

"ಅಮ್ಮ, ಯಂತ್ರದಲ್ಲಿ ಅಕ್ಷರ ನೇರ ಕಾಣದ ಹಾಗೆ ಮಾಡಿಟ್ಟೋರು ಯಾರು?"

"ಅವರೇ, ಮತ್ತಿನ್ಯಾರು? ಕಲಿಯೋಕೆ ಬಂದವರಿಗೆ ಮೊದಲು ಅದನ್ನ ಮುಚ್ಚೋರು. ಚಿತ್ರ ಕಂಡ್ರೆ ಎಣಿಸೋದು ಬಿಟ್ಟುಬಿಡ್ತಾರೆ, ಕಣ್ಣಳತೆಯಲ್ಲಿ ತೂತು ಹೊಡೀತಾರೆ ಅನ್ನೋರು. ಒಬ್ಬರು ಓದಬೇಕು, ಒಬ್ಬರು ಹೊಡೀಬೇಕು. ಕಾಗದದ ಕಾಲದಿಂದ್ಲೂ ಹಾಗೇ ಕಲಿಸಿದ್ದು."

"ಪಾಠ ಎಷ್ಟೊತ್ತಿಗೆ?"

"ಊಟದ ಮೇಲೆ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಆಫೀಸಿಗೆ ಹೋಗೋರು."

ನಮ್ಮ ಇಬ್ಬರ ಚಹಾವೂ ಹಾಗೇ ಉಳಿಯಿತು. ಆದರೂ ಪ್ರಸೀದ ದಾರಿಯಲ್ಲಿ ಏನಂದಳು ಗೊತ್ತೆ? "ದಿವಾಕರನೂ ಮಾಷರ ಹತ್ರಾನೇ ಕಲಿತದ್ದು ಚೇಚಿ. ಇದೆಲ್ಲ ಅವನಿಗೂ ಗೊತ್ತಿರುತ್ತೆ." ಅನುಮಾನ ಅಂದರೆ ಅದು.

ಗುರುವಾರ ಬೆಳಗ್ಗೆ ಎರಡು ಕೆಟ್ಟ ಸುದ್ದಿ ಒಟ್ಟಿಗೇ ಬಂದವು. ಹೊಸ ಪಾಸ್‌ವರ್ಡ್ ಇದ್ದರೂ ಫೈಲು ಮತ್ತೆ ಬಂದಿತ್ತು, ಬುಧವಾರ ಎಂಟು ಐವತ್ತಕ್ಕೆ. ಮತ್ತೆ ವೇಲಪ್ಪನ್ ನೇಯ್ದ ತುಂಡಿನಲ್ಲಿ ದೀಪ ಓರೆಯಾಗಿತ್ತು, ಕತ್ತಿನ ಹತ್ತಿರ ಮುರಿದಿತ್ತು. ಕಣ್ಣಿಗೆ ಸರಿ ಕಂಡದ್ದನ್ನೇ ಇಬ್ಬರೂ ಹೊಡೆದಿದ್ದರು. ದಿವಾಕರನ್ ಆ ತುಂಡನ್ನು ಎತ್ತಿ ಹಿಡಿದ.

"ಇದನ್ನ ಉಡಿಸ್ತೀಯಾ ಆ ಹುಡುಗಿಗೆ?"

ಬಾಗಿಲಲ್ಲಿ ಶ್ರೀಜ ನಿಂತಿದ್ದಳು. ಯಾವಾಗ ಬಂದಳೋ. ತುಂಡನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

"ಇವತ್ತು ರಾತ್ರಿ ನಾನು ಇಲ್ಲೇ ಕೂರ್ತೀನಿ," ಅಂದಳು ಪ್ರಸೀದ. "ಯಾರು ಬರ್ತಾರೆ ನೋಡೇಬಿಡ್ತೀನಿ."

"ನಾನೂ ಕೂರ್ತೀನಿ," ಅಂದ ದಿವಾಕರನ್. "ನಿನ್ನ ಮೇಲೆ ಕಣ್ಣಿಡೋಕೆ."

"ನಂಗೂ ಅದೇ ಬೇಕು."

ರಾತ್ರಿ ಎಂಟಕ್ಕೆ ಇಬ್ಬರೂ ಒಳಗೆ ಚಿಲಕ ಹಾಕಿಕೊಂಡು ಕೂತರು. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವ ಹಾಗೆ. ಪ್ರಸೀದ ಫೈಲು ಅಳಿಸಿದಳು. ಪರದೆಯ ಮೇಲೆ ದೀಪ ನೇರವಾಗಿ ನಿಂತಿತು. ಆಮೇಲೆ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವನು ಚಹಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಫ್ಯಾನು ಕಟ್... ಕಟ್... ಅನ್ನುತ್ತಿತ್ತು.

"ಮಿಸುಕಾಡ್ಬೇಡ," ಅಂದ.

"ನೀವೂ."

ಗೋಡೆ ಗಡಿಯಾರದಲ್ಲಿ ಎಂಟು ನಲವತ್ತೆಂಟು. ನಲವತ್ತೊಂಬತ್ತು. ಫ್ಯಾನು ನಿಂತಿತು. ಕರೆಂಟು ಹೋಗಿರಲಿಲ್ಲ, ಬಲ್ಬು ಉರಿಯುತ್ತಲೇ ಇತ್ತು. ಫ್ಯಾನು ಮಾತ್ರ ಸಾವಕಾಶ ನಿಂತಿತು. ಹಿಂದಿನ ಬಾವಿಯಲ್ಲಿ ರಾಟೆ ಕಿರ್... ಅಂತು. ಒಂದೇ ಸಲ.

ಪರದೆಯ ಮೇಲೆ ದೀಪ ಕುಸಿಯಿತು.

ಸದ್ದಿಲ್ಲ, ಏನಿಲ್ಲ. ಚುಕ್ಕೆಗಳು ಒಂದರ ಮೇಲೊಂದು ಬಿದ್ದವು, ಎಕ್ಸುಗಳು ಜಾರಿದವು. ಇಬ್ಬರ ಕೈಗಳೂ ಇದ್ದಲ್ಲೇ ಇದ್ದವು. ಪ್ರಸೀದ ದಿವಾಕರನ್ ಕೈ ನೋಡಿದಳು. ದಿವಾಕರನ್ ಇವಳ ಕೈ ನೋಡಿದ.

"ನೀನು..." ಅಂದ.

"ನಾನಲ್ಲ."

"ನಾನೂ ಅಲ್ಲ."

ಟಿಣ್.

ಮೇಜಿನ ಮೇಲೆ. ಇಬ್ಬರ ನಡುವೆ.

ದಿವಾಕರನ್ ಗ್ಲಾಸು ಕೆಳಗಿಟ್ಟ. ಅವನ ಮುಖದಲ್ಲಿ ಬಣ್ಣ ಇರಲಿಲ್ಲವಂತೆ. ಎದ್ದು ಓಡುತ್ತಾನೆ ಅಂತ ಇವಳು ಅಂದುಕೊಂಡರೆ, ಅವನು ಎದ್ದು ಹೋಗಿ ತೂತು ಹೊಡೆಯುವ ಯಂತ್ರದ ಮುಂದೆ ಕೂತ. ಹೊಸ ರಟ್ಟು ಸಿಕ್ಕಿಸಿದ. ಹದಿನೆಂಟು ವರ್ಷದ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

"ಓದು," ಅಂದ ಪಿಸುಮಾತಿನಲ್ಲಿ. "ನೋಡ್ಬೇಡ. ಓದು. ನಮಗೆ ಹೀಗೇ ಕಲಿಸಿದ್ದು."

ಪ್ರಸೀದ ಮೊದಲ ಸಾಲಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. "ಐದು ಕೆಳಗೆ... ಮೂರು ಮೇಲೆ..." ಟಿಣ್. "ಎರಡು ಮೇಲೆ... ಆರು ಕೆಳಗೆ..." ಟಿಣ್. ಅವನ ಕಡೆಯಿಂದ ಟಕ್... ಟಕ್... ರಟ್ಟು ತೂತಾಗುವ ಸದ್ದು. ಒಂದು ಸಾಲಿಗೆ ಹತ್ತು ಟಿಣ್. ರಟ್ಟು ಮುಗಿದ ಕೂಡಲೇ ದಿವಾಕರನ್ ಅದರ ಮೂಲೆಗೆ ಕೆಂಪು ಪೆನ್ಸಿಲಿನಲ್ಲಿ ನಂಬರು ಹಾಕುತ್ತಿದ್ದ. ಹೆದರಿ ಬೆವರುತ್ತಿದ್ದರೂ ನಂಬರು ಹಾಕುವುದು ಬಿಡಲಿಲ್ಲ. ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳಿ.

ಹೆದರಿಕೆ ಎಷ್ಟು ಹೊತ್ತು ಇರುತ್ತದೆ? ಇಪ್ಪತ್ತು ಸಾಲು ಆದಮೇಲೆ ಪ್ರಸೀದಳಿಗೆ ಅದು ಜೊತೆಯಲ್ಲಿ ಒಬ್ಬರು ಕೂತ ಹಾಗೇ ಆಯಿತಂತೆ. ನಲವತ್ತೊಂದನೇ ಸಾಲಿನ ಕೊನೆಯಲ್ಲಿ ಮಾತ್ರ... ಇವಳು ಏಳನೇ ಅಕ್ಷರ ಓದಿ ನಿಂತಳು. ಸಾಲು ಮುಗಿದಿತ್ತು. ಟಿಣ್ ಬರಲಿಲ್ಲ. ಕಾದಳು. ಬರಲಿಲ್ಲ.

"ಒಂದು ಕಮ್ಮಿ ಇದೆ," ಅಂದ ದಿವಾಕರನ್. "ಮತ್ತೆ ಎಣಿಸು."

ಎಣಿಸಿದಳು. ಎಪ್ಪತ್ತೊಂಬತ್ತು. ಮಾಷರ ಮಂಜುಗಣ್ಣು ಒಂದು ಅಕ್ಷರ ಬಿಟ್ಟಿತ್ತು. ದೀಪದ ಕತ್ತು ಅಲ್ಲೇ ಮುರಿದದ್ದು. ಚಿತ್ರ ಎರಡೂ ಕಡೆ ಒಂದೇ ಥರ ಇರಬೇಕಲ್ಲ, ಬಲಗಡೆ ಎಣಿಸಿ, ಎಡಗಡೆ ಎಲ್ಲಿ ಬಿಟ್ಟಿದೆ ಅಂತ ಹುಡುಕಿ, ಒಂದು ಎಕ್ಸ್ ಸೇರಿಸಿದಳು. ಮೊದಲಿನಿಂದ ಓದಿದಳು. ಹತ್ತನೇ ಟಿಣ್ ಬಂತು. ಮೆಲ್ಲಗೆ, ತಲೆ ನೇವರಿಸಿದ ಹಾಗೆ.

ತೊಂಬತ್ತಾರು ಮುಗಿದಾಗ ಹನ್ನೆರಡೂಮುಕ್ಕಾಲು. ಇಬ್ಬರೂ ಒಟ್ಟಿಗೆ ಎಣಿಸಿದರು, ತೊಂಬತ್ತಾರು. ದಿವಾಕರನ್ ಕಟ್ಟು ಕಟ್ಟಿ, ಗಂಟಿನ ಮೇಲೆ ಕಾಗದ ಅಂಟಿಸಿ, ಅದರ ಮೇಲೆ ಸಹಿ ಹಾಕಿದ. ಅವಳ ಹತ್ತಿರವೂ ಸಹಿ ಹಾಕಿಸಿದ. ಬೀಗ ಹಾಕಿ, ಮೂರು ಸಲ ಎಳೆದು ನೋಡಿದ. ಆಮೇಲೆ ಇವಳನ್ನು ಬಾವಿ, ಆಲದ ಮರ ದಾಟಿಸಿ ನಮ್ಮ ಮನೆಯ ಬಾಗಿಲ ತನಕ ಬಿಟ್ಟು ಹೋದ. ದಾರಿಯಲ್ಲಿ ಯಾವ ಸದ್ದೂ ಬರಲಿಲ್ಲ. ಬಾಗಿಲಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದ: "ನಿನ್ನ ತಂಗಿ ಕಳ್ಳಿಯಲ್ಲ." ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಶುಕ್ರವಾರ ಬೆಳಗ್ಗೆ ಆರಕ್ಕೆ ವೇಲಪ್ಪನ್ ಬಂದರು. ನಾನು ಅಲ್ಲೇ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದೆ, ನನ್ನ ಕಣ್ಣಾರೆ ನೋಡಿದ್ದು ಇದು. ಬೀಗ ಹಾಗೇ ಇತ್ತು. ಸಹಿ ಹಾಕಿದ ಕಾಗದ ಹಾಗೇ ಇತ್ತು. ವೇಲಪ್ಪನ್ ಅದನ್ನು ಹರಿದು, ರಟ್ಟುಗಳನ್ನು ದಾರಕ್ಕೆ ಪೋಣಿಸುತ್ತ ಹೋದರು. ತೊಂಬತ್ತಾರಾಯಿತು.

ಕೈಯಲ್ಲಿ ಇನ್ನೊಂದು ಉಳಿದಿತ್ತು.

ಅದಕ್ಕೆ ಕೆಂಪು ನಂಬರು ಇರಲಿಲ್ಲ. ಇಡೀ ರಟ್ಟಿಗೆ ಒಂದೇ ಒಂದು ತೂತು.

"ದೃಷ್ಟಿ ಎಳೆ," ಅಂದರು ವೇಲಪ್ಪನ್. ದಿವಾಕರನ್, ಪ್ರಸೀದ, ನಾನು ಎಲ್ಲರೂ ಸುತ್ತ ನಿಂತೆವು. ಅವರು ಹೆಬ್ಬೆರಳ ಉಗುರಿನಿಂದ ಎಡಗಡೆಯಿಂದ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ತಲೆ ಎತ್ತಿದಾಗ ಅವರ ಮುಖ ಗಂಟಾಗಿತ್ತು.

"ಇದು ಮೂರನೇದಲ್ಲ. ಹನ್ನೊಂದನೇದು. ಮಾಷರ ಜಾಗ ಅಲ್ಲ ಇದು. ಯಾರೋ ಹೊಡೆದು ಸೇರಿಸಿದಾರೆ." ಒಬ್ಬೊಬ್ಬರನ್ನೇ ನೋಡಿದರು. "ಸತ್ತವರ ಕೈ ಕದಿಯೋಕೆ ನಾಚಿಕೆ ಆಗ್ಲಿಲ್ವಾ?"

ದಿವಾಕರನ್ ಪ್ರಸೀದಳನ್ನು ನೋಡಿದ. ಪ್ರಸೀದ ದಿವಾಕರನನ್ನು ನೋಡಿದಳು. ನಿಜ ಹೇಳುತ್ತೇನೆ, ನಾನು ಇಬ್ಬರನ್ನೂ ನೋಡಿದೆ. ರಾತ್ರಿಯೆಲ್ಲ ಹುಟ್ಟಿದ ನಂಬಿಕೆ ಒಂದು ಕ್ಷಣದಲ್ಲಿ ಹೋಯಿತು. ವೇಲಪ್ಪನ್ ರಟ್ಟಿನ ಸರ ಕೆಳಗಿಟ್ಟರು. "ನಾ ಏರಿಸಲ್ಲ. ನವಿಲು ತನ್ನಿ."

ಸುದ್ದಿ ಮನೆ ಮುಟ್ಟುವುದಕ್ಕೆ ಎಷ್ಟು ಹೊತ್ತು? ಕಾರ್ತ್ಯಾಯನಿಯಮ್ಮ ಬಂದರು, ಹಿಂದೆ ಶ್ರೀಜ. ಆಯಮ್ಮ ಯಾರನ್ನೂ ಏನೂ ಕೇಳಲಿಲ್ಲ. ರಟ್ಟು ತೆಗೆದುಕೊಂಡರು. ಬೆಳಕಿಗೆ ಹಿಡಿದರು. ಆ ಒಂದು ತೂತಿನಿಂದ ಬೆಳಕು ಬಂದು ಅವರ ಕೆನ್ನೆ ಮೇಲೆ ಬಿತ್ತು. ಎಷ್ಟನೆಯದು ಅಂತ ಮಾತ್ರ ಕೇಳಿ, ಮಾಷರು ಮನೆಗೆಂದು ಬರೆದದ್ದು ಇನ್ನೊಂದಿದೆ ಅಂತ ನೆನಪಾಯಿತೇನೋ, ಮಗಳ ಕಿವಿಯಲ್ಲಿ ಏನೋ ಹೇಳಿದರು. ಶ್ರೀಜ ಓಡಿ ಹೋಗಿ ಒಂದು ಹಳೆಯ ಪುಡವೆ ತಂದಳು. ಮಡಿಕೆಯಲ್ಲೇ ಹಳದಿಯಾಗಿತ್ತು. ಮೂವತ್ತೊಂದು ವರ್ಷದ ಹಿಂದೆ ಮಾಷರು ಮದುಮಗನಾಗಿ ಆಯಮ್ಮನಿಗೆ ಕೊಟ್ಟದ್ದು, ತಾವೇ ಬರೆದು ತಾವೇ ನೇಯ್ದದ್ದು.

"ಎಣಿಸಿ," ಅಂದರು ವೇಲಪ್ಪನ್ನರಿಗೆ.

ವೇಲಪ್ಪನ್ ಅಂಚಿನ ಕೊನೆ ಹುಡುಕಿ, ಉಗುರು ಇಟ್ಟು, ತುಟಿ ಅಲ್ಲಾಡಿಸುತ್ತ ಎಣಿಸಿದರು. ಮೂರು ದಾಟಿತು. ಎಂಟು ದಾಟಿತು. ಉಗುರು ನಿಂತಿತು. ಅಲ್ಲೇ ಒಂದು ಎಳೆ, ಒಂಟಿಯಾಗಿ, ಮೇಲೆದ್ದಿತ್ತು.

"ಹನ್ನೊಂದು," ಅಂದರು.

ಸೊಸೈಟಿಯ ಬಟ್ಟೆಗೆಲ್ಲ ಮೂರು. ಮನೆಯವರಿಗೆ ಹನ್ನೊಂದು. ಇದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾರ್ತ್ಯಾಯನಿಯಮ್ಮನಿಗೇ ಗೊತ್ತಿರಲಿಲ್ಲ.

"ಮೂವತ್ತೊಂದು ವರ್ಷ ಇಟ್ಕೊಂಡಿದೀನಿ," ಅಂದರು ಆಯಮ್ಮ. "ಒಂದು ದಿನ ಎಣಿಸಿ ನೋಡಿರ್ಲಿಲ್ಲ." ಅಂದವರು ಆ ಎಳೆಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಅಷ್ಟು ಜನರ ಮುಂದೆ ಅತ್ತರು. ಮಾಷರು ಸತ್ತ ದಿನ ಕೂಡ ಅವರು ಹಾಗೆ ಅತ್ತಿರಲಿಲ್ಲ. ವೇಲಪ್ಪನ್ ಬೇರೆ ಮಾತಿಲ್ಲದೆ ಸರ ಎತ್ತಿ ಮಗ್ಗಕ್ಕೆ ಏರಿಸಿದರು. ಕೊನೆಯ ರಟ್ಟನ್ನು ಕೊನೆಯಲ್ಲಿ ಒಂದೇ ಸಲ ಓಡಿಸಿದರು. ಶ್ರೀಜ ಅದನ್ನೇ ಉಟ್ಟಳು. ದೀಪ ನೆಟ್ಟಗಿತ್ತು.

ಆಮೇಲೆ ಆ ಅಪ್ಪಣೆಯ ಫೈಲು ಬರಲಿಲ್ಲ. ಅಕ್ಷರಗಳು ನೇರವಾಗೇ ಇವೆ. ಪ್ರಸೀದ ಈಗಲೂ ಬಾವಿಯ ದಾರಿಯಲ್ಲೇ ಬರುತ್ತಾಳೆ, ಎಂಟನೇ ಹೆಜ್ಜೆಗೆ ಒಂದು ಚೂರು ನಿಲ್ಲುತ್ತಾಳೆ, ಯಾಕೆ ಅಂದರೆ ಸಿಡುಕುತ್ತಾಳೆ.

ಇಲ್ಲಿ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತೆ, ದಿವಾಕರನೇ ಹೊಡೆದಿರಬೇಕು ಅಂದುಕೊಳ್ಳುತ್ತಿದ್ದೀರಿ. ನಾನೂ ಅಂದುಕೊಂಡೆ. ಅವನಿಗೆ ಹನ್ನೊಂದು ಅಂತ ಹೇಳಿದವರು ಯಾರು, ಅದನ್ನು ಹೇಳಿ ಮೊದಲು. ಆ ಫೈಲಿನಲ್ಲಿ ಇವತ್ತಿಗೂ ತೊಂಬತ್ತಾರೇ ಸಾಲು. ರಟ್ಟಿನ ಸರ ಆಫೀಸಿನ ಅಟ್ಟದ ಮೇಲೆ ಇದೆ, ನಾಳೆ ಬೆಳಗ್ಗೆ ಬನ್ನಿ, ಇಳಿಸಿ ಕೊಡುತ್ತೇನೆ. ಕೆಂಪು ನಂಬರು ತೊಂಬತ್ತಾರಕ್ಕಿದೆ, ಒಂದಕ್ಕಿಲ್ಲ. ನೋಡಿ ಹೇಳಬೇಡಿ... ಎಣಿಸಿ ಹೇಳಿ.